ಬರಿಗೈಯಲ್ಲಿ ಬಂದವಳಿಗೂ ಜಾಗ ಇರಲಿ

ಹುಡುಗಿಯರೇ,

ಈ ಸಲ ಹೊಸದಾಗಿ ಕಾಲೇಜಿಗೆ ಬರುವ ಹೆಣ್ಣುಮಕ್ಕಳನ್ನು ನಿಮ್ಮ ಸಂಘಕ್ಕೆ ಸೇರಿಸಿಕೊಳ್ಳುವ ದಿನ ಯಾವ ಥೀಮ್ ಇಡೋಣ ಅಂತ ಕೇಳಿದ್ದೀರಿ. ಹಳೇ ಸಿನಿಮಾ, ಮಲೆನಾಡಿನ ಹಳ್ಳಿ ಸೊಗಡು, ಸಾಂಪ್ರದಾಯಿಕ ಉಡುಗೆ ಅಂತ ಮೂರು ಹೆಸರನ್ನು ನೀವೇ ಬರೆದೂ ಕಳಿಸಿದ್ದೀರಿ. ಈ ಮೂರರಲ್ಲಿ ಒಂದಕ್ಕೆ ದೊಡ್ಡಮ್ಮ ಗುರುತು ಹಾಕಿ ಕೊಡುತ್ತಾಳೆ ಅಂತ ಕಾದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಮೂರನ್ನೂ ನಾನು ಪಕ್ಕಕ್ಕಿಟ್ಟಿದ್ದೇನೆ. ಕಾರಣ ಹೇಳದೆ ಬೇಡ ಅಂದರೆ ಅದು ಹಿರಿಯರ ಹಟ ಆಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಥೀಮ್ ಅಂದರೆ ಗೋಡೆಯ ಬಣ್ಣ, ಹಿನ್ನೆಲೆಯ ಹಾಡು, ಸೆಲ್ಫಿಗೆ ಕಟ್ಟಿದ ಚೌಕಟ್ಟು ಅಂತ ನಿಮ್ಮಲ್ಲಿ ಹಲವರ ಎಣಿಕೆ. ನನಗೆ ಹಾಗೆ ಕಾಣುವುದಿಲ್ಲ. ನೀವು ಥೀಮ್ ಗೊತ್ತು ಮಾಡಿದ ಗಳಿಗೆಯಲ್ಲೇ ಯಾರು ಬರುತ್ತಾರೆ, ಯಾರು ಹೊಟ್ಟೆನೋವು ಅಂತ ರೂಮಿನಲ್ಲಿ ಉಳಿಯುತ್ತಾರೆ ಅನ್ನುವುದೂ ಗೊತ್ತಾಗಿಬಿಡುತ್ತದೆ. ಹೀಗೆ ಬನ್ನಿ ಅಂತ ನೀವು ಹೇಳಿದ ಕೂಡಲೇ ಹಾಗೆ ಬರಲಾರದವಳು ಹಿಂದೆ ಸರಿಯುತ್ತಾಳೆ. ಅವಳು ನಿಮಗೆ ಹೇಳಿ ಹೋಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಕಾರ್ಯಕ್ರಮ ಚೆನ್ನಾಯಿತು ಅಂತಲೇ ನೀವು ಮಾತಾಡಿಕೊಳ್ಳುತ್ತೀರಿ.

ಬರುವವಳು ಯಾರು ಅಂತ ಸ್ವಲ್ಪ ಯೋಚಿಸಿ. ಬಾಳೂರು, ಜಾವಳಿ, ಮಲೆಮನೆ ಕಡೆಯಿಂದ ಒಬ್ಬಳು, ಕಳಸ ಹೊರನಾಡಿನ ಆಚೆಯಿಂದ ಇನ್ನೊಬ್ಬಳು, ಜುಲೈ ಆಗಸ್ಟಿನ ಮಳೆಯಲ್ಲಿ ನೆನೆದ ಚಪ್ಪಲಿ ಹಾಕಿಕೊಂಡು ಮೂಡಿಗೆರೆಯಲ್ಲಿ ಬಸ್ಸಿಳಿಯುತ್ತಾಳೆ. ಅವರ ಮನೆಯಲ್ಲಿ ಡಿಗ್ರಿಗೆ ಹೊರಟ ಮೊದಲನೆಯ ಹೆಣ್ಣು ಅವಳೇ ಆಗಿರಬಹುದು. ಪಿಯುಸಿವರೆಗೆ ಜೊತೆಗಿದ್ದ ಗೆಳತಿಗೆ ಮದುವೆಯಾಗಿದೆ, ಇಲ್ಲವೇ ಅವಳು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ್ದಾಳೆ. ಮೊದಲ ತಿಂಗಳಲ್ಲಿ ಅವಳ ಪಕ್ಕ ಕೂತು ಊಟ ಮಾಡುವ ಒಬ್ಬ ಹುಡುಗಿ ಸಿಕ್ಕಿದರೆ ಅವಳು ಉಳಿಯುತ್ತಾಳೆ. ಸಿಗದಿದ್ದರೆ ದೀಪಾವಳಿಗೆ ಊರಿಗೆ ಹೋದವಳು ತಿರುಗಿ ಬರದೆ ಹೋಗುವುದೂ ಉಂಟು. ಮನೆಯವರು ಮೈಗೆ ಹುಷಾರಿಲ್ಲ ಅಂತಾರೆ, ದೂರ ಆಯ್ತು ಅಂತಾರೆ. ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಕಾಲದಿಂದಲೂ ಇಂಥ ಮಕ್ಕಳ ಹೆಸರು ನನ್ನ ಮನಸ್ಸಿನಲ್ಲಿ ಕೂತಿದೆ.

ಇನ್ನೂ ಒಂದು ಸಂಗತಿಯನ್ನು ನೀವು ದಿನಾ ನೋಡುತ್ತೀರಿ, ನೋಡಿ ನೋಡಿ ಅಭ್ಯಾಸವಾಗಿ ಗಮನಿಸುವುದಿಲ್ಲ. ಬಿಸಿಎಂ ಹಾಸ್ಟೆಲಿನ ಹುಡುಗಿಯರು ಒಂದು ಗುಂಪು, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನವರು ಒಂದು ಗುಂಪು, ಪೇಯಿಂಗ್ ಗೆಸ್ಟ್ ಮನೆಯವರು ಮತ್ತೊಂದು, ಬಸ್ಸಿನಲ್ಲಿ ಬಂದು ಹೋಗುವವರು ಇನ್ನೊಂದು. ಆ ಹಾಸ್ಟೆಲುಗಳು ಇಲ್ಲದೆ ಹೋಗಿದ್ದರೆ ನಮ್ಮ ತಾಲ್ಲೂಕಿನ ಎಷ್ಟೋ ಹೆಣ್ಣುಮಕ್ಕಳ ಓದು ಹೈಸ್ಕೂಲಿಗೇ ನಿಲ್ಲುತ್ತಿತ್ತು, ಅವನ್ನು ಕಟ್ಟಿಸಿದವರಿಗೆ ಕೈ ಮುಗಿಯಬೇಕು. ಆದರೆ ಊಟದ ಮನೆ ಬೇರೆ ಬೇರೆಯಾದಾಗ ಸ್ನೇಹವೂ ಬೇರೆ ಬೇರೆಯಾಗುತ್ತದೆ. ಇವರೆಲ್ಲ ಒಂದೇ ಚಾಪೆಯ ಮೇಲೆ ಕೂರುವ ಜಾಗ ಅಂದರೆ ನಿಮ್ಮ ಸಂಘ ಒಂದೇ. ಅದರ ಬಾಗಿಲೂ ಕಿರಿದಾದರೆ ಈ ಮಕ್ಕಳು ಮತ್ತೆಲ್ಲಿ ಸೇರಬೇಕು?

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. ಹಳೇ ಸಿನಿಮಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಣ್ಣದ ಕನ್ನಡಕ, ಚುಕ್ಕಿ ಬಟ್ಟೆ, ಬೆಲ್ ಬಾಟಮ್ ಇವನ್ನೆಲ್ಲ ಆನ್‌ಲೈನಿನಲ್ಲಿ ತರಿಸಬೇಕು. ಒಂದು ದಿನ ಹಾಕಿ ಮೂಲೆಗೆಸೆಯುವ ಸಾಮಾನಿಗೆ ದುಡ್ಡು ಸುರಿಯುವುದು ಬೇಡ.

ಎರಡನೆಯದು ನನ್ನನ್ನು ಬಹಳ ಹೊತ್ತು ಕಾಡಿತು. ಹಳ್ಳಿ ಸೊಗಡು ಅಂತ ಬರೆದು ಅದರ ಕೆಳಗೆ ‘ಕಾಫಿ ತೋಟದ ಹೆಣ್ಣಾಳುಗಳ ವೇಷ, ತಲೆಗೆ ಕೊಪ್ಪೆ, ಸೊಂಟಕ್ಕೆ ಬುಟ್ಟಿ’ ಅಂತ ಸೇರಿಸಿದ್ದೀರಿ. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ ಅಂತ ನನಗೆ ಗೊತ್ತು. ನಮ್ಮ ನೆಲದ ಮೇಲಿನ ಅಭಿಮಾನದಿಂದಲೇ ಅದನ್ನು ಬರೆದಿದ್ದೀರಿ. ಆದರೆ ಆ ವೇಷ ಹಾಕಿ ನೀವು ಬಾಗಿಲಲ್ಲಿ ನಿಂತಾಗ ತೋಟದ ಆಳುಗಳ ಲೈನ್ ಮನೆಯಿಂದ ಬಂದ ಹುಡುಗಿಯೊಬ್ಬಳು ಒಳಗೆ ಕಾಲಿಟ್ಟರೆ ಅವಳಿಗೆ ಏನು ಕಾಣುತ್ತದೆ? ಅವತ್ತು ಬೆಳಿಗ್ಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಕಾಲಿಗೆ ಇಂಬಳ ಹತ್ತದಿರಲಿ ಅಂತ ಹೊಗೆಸೊಪ್ಪು ಸುಣ್ಣ ಹಚ್ಚಿಕೊಂಡು ಕಳೆ ತೆಗೆಯಲು ಹೋದ ಅವ್ವ ಕಾಣುತ್ತಾಳೆ. ಅವಳ ಅವ್ವನಿಗೆ ಅದು ಮೈ ಮುಚ್ಚುವ ಹೊದಿಕೆ, ನಿಮಗೆ ಫೋಟೋಗೆ ಹಾಕಿದ ವೇಷ. ತಾಯಿಯ ದುಡಿಮೆಯನ್ನು ಇನ್ನೊಬ್ಬರು ಆಟಕ್ಕೆ ಹಾಕಿಕೊಂಡಿದ್ದನ್ನು ನೋಡಿದ ಮಗು ಆಮೇಲೆ ತನ್ನ ಅವ್ವ ಏನು ಮಾಡುತ್ತಾಳೆ ಅಂತ ನಿಮ್ಮ ಮುಂದೆ ಬಾಯಿ ಬಿಡುವುದಿಲ್ಲ. ನಮ್ಮ ತೋಟಗಳಲ್ಲಿ ತಮಿಳು ಮಾತಾಡುವ ಮನೆಗಳಿವೆ, ತುಳುವಿನ ಮನೆಗಳಿವೆ, ಈಚೆಗೆ ಅಸ್ಸಾಮಿನಿಂದ ಬಂದವರ ಮಕ್ಕಳೂ ನಮ್ಮ ಶಾಲೆಗಳಲ್ಲಿ ಕನ್ನಡ ಕಲಿಯುತ್ತಿದ್ದಾರೆ. ಅವರಲ್ಲೊಬ್ಬಳು ನಾಳೆ ನಿಮ್ಮ ಕಾಲೇಜಿಗೆ ಬರುತ್ತಾಳೆ, ಬರಬೇಕು. ದುಡಿಮೆಯನ್ನು ಗೌರವಿಸಬೇಕು ಅನ್ನಿಸಿದರೆ ಕೊಯ್ಲಿನಲ್ಲಿ ಪಳಗಿದ ಒಬ್ಬ ಹೆಂಗಸನ್ನು ಕರೆಸಿ, ಎದುರು ಕುರ್ಚಿಯಲ್ಲಿ ಕೂರಿಸಿ. ಒಂದು ಗಿಡದಲ್ಲಿ ಹಣ್ಣಾಗಿದ್ದು ಯಾವುದು, ಇನ್ನೂ ಬಿಡಬೇಕಾದ್ದು ಯಾವುದು ಅಂತ ಕೈ ಹೇಗೆ ಗುರುತಿಸುತ್ತದೆ ಅನ್ನುವುದನ್ನು ಅವರ ಬಾಯಿಂದಲೇ ಕೇಳಿ. ಅವರ ಬಟ್ಟೆಯನ್ನು ಮಾತ್ರ ನೀವು ತೊಡಬೇಡಿ.

ಇದೇ ಮಾತು ‘ಮಲೆನಾಡ ಮದುವೆ ಮನೆ’ ಅನ್ನುವುದಕ್ಕೂ ಹೊಂದುತ್ತದೆ. ಚಪ್ಪರ, ಬಾಸಿಂಗ, ಧಾರೆ ಎಲ್ಲ ಇಡೋಣ ಅಂತ ಯಾರೋ ಪಟ್ಟಿಯ ಬದಿಯಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದೀರಿ. ಯಾರ ಮನೆಯ ಮದುವೆ ಅಂತ ಕೇಳಿಕೊಳ್ಳಿ. ಒಕ್ಕಲಿಗರ ಮದುವೆಯೋ, ಬಿಲ್ಲವರದ್ದೋ, ಬ್ಯಾರಿ ಮನೆಯ ನಿಖಾವೋ, ಕ್ರೈಸ್ತರ ರೋಸೋ? ಒಂದನ್ನು ಮಲೆನಾಡಿನದ್ದು ಅಂತ ಕರೆದರೆ ಉಳಿದವರು ಮಲೆನಾಡಿನವರಲ್ಲ ಅಂದಂತಾಗುತ್ತದೆ. ಹೇಳದೆಯೂ ಅದು ಕೇಳಿಸುತ್ತದೆ.

ಮೂರನೆಯದು ಸಾಂಪ್ರದಾಯಿಕ ಉಡುಗೆ. ‘ಟ್ರೆಡಿಷನಲ್ ಡೇ’ ಎಲ್ಲ ಕಾಲೇಜಿನಲ್ಲೂ ಇದೆ, ಸೀರೆ ಉಟ್ಟರೆ ಎಲ್ಲರೂ ಒಂದೇ ಥರ ಕಾಣುತ್ತಾರೆ ಅಂತ ನಿಮ್ಮ ವಾದ. ಅಲ್ಲ ಮಕ್ಕಳೇ, ಸೀರೆಯಷ್ಟು ಬೇಗ ಮನೆಯ ಸ್ಥಿತಿ ಹೇಳುವ ಬಟ್ಟೆ ಇನ್ನೊಂದಿಲ್ಲ. ಅಮ್ಮನ ಸೀರೆ ತಂದರೂ ರವಿಕೆ ಹೊಲಿಸಬೇಕು, ಒಳಲಂಗ ಬೇಕು, ಬಳೆ ಸರ ಬೇಕು, ಹೂವು ಬೇಕು. ಮಳೆಗಾಲದಲ್ಲಿ ಮೂಡಿಗೆರೆ ಬಸ್ ಸ್ಟ್ಯಾಂಡಿನ ಕೆಸರಿನಲ್ಲಿ ಆ ಸೀರೆ ಎತ್ತಿ ಹಿಡಿದು ಮನೆ ಸೇರಬೇಕು. ಎರಡನೇ ವರ್ಷ, ಮೂರನೇ ವರ್ಷದಲ್ಲಿ ಎಲ್ಲರ ಪರಿಚಯವಾದ ಮೇಲೆ ಬೇಕಿದ್ದರೆ ಉಡಿ, ಒಬ್ಬರ ಸೀರೆ ಇನ್ನೊಬ್ಬರು ಉಟ್ಟು ನಲಿಯಿರಿ. ಹೆಸರೂ ಗೊತ್ತಿಲ್ಲದ ಹುಡುಗಿಗೆ ಮೊದಲ ದಿನವೇ ಈ ಪರೀಕ್ಷೆ ಬೇಡ.

ಅಮೆರಿಕದಲ್ಲಿ ಓದುವ ನಿಮ್ಮ ಗೆಳತಿಯೊಬ್ಬಳು ಸೊರಾರಿಟಿಯ, ಅಂದರೆ ಅಲ್ಲಿನ ಕಾಲೇಜು ಹುಡುಗಿಯರ ಸಂಘದ, ವಿಡಿಯೋ ಕಳಿಸಿದ್ದಳಂತೆ, ಅದನ್ನು ನೋಡಿಯೇ ಥೀಮಿನ ಯೋಚನೆ ಬಂತಂತೆ. ಆ ವಿಚಾರವನ್ನು ಪೂರ್ತಿಯಾಗಿ ತಿಳಿದುಕೊಂಡರೆ ನಿಮಗೆ ಪ್ರಯೋಜನವಿದೆ. ಜಾರ್ಜಿಯಾ ರಾಜ್ಯದ ಮೇಕನ್ ಊರಿನ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 1851ರಲ್ಲಿ ಕೆಲವು ಹುಡುಗಿಯರು ಸೇರಿ ಅಡೆಲ್ಫಿಯನ್ ಸೊಸೈಟಿ ಅಂತ ಕಟ್ಟಿಕೊಂಡರು. ಹೆಣ್ಣು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲ ಅದು. ಒಬ್ಬರಿಗೊಬ್ಬರು ಆಸರೆ ಬೇಕಿತ್ತು. ಮುಂದೆ ಇಂಥ ಸಂಘಗಳು ಬೆಳೆದವು, 1902ರಲ್ಲಿ ಅವುಗಳ ಒಕ್ಕೂಟವೂ ಆಯಿತು. ಕಪ್ಪು ಜನಾಂಗದ ಹುಡುಗಿಯರನ್ನು ಆ ಸಂಘಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಅವರು 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಅಂತ ತಮ್ಮದೇ ಸಂಘ ಕಟ್ಟಿಕೊಂಡರು. ನಮ್ಮ ಕಡೆಯಿಂದ ಹೋಗಿ ನೆಲೆಸಿದವರ ಹೆಣ್ಣುಮಕ್ಕಳಿಗೂ ಎಷ್ಟೋ ಕಾಲದ ಮೇಲೆ ಹಾಗೇ ಅನ್ನಿಸಿರಬೇಕು. 1998ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿನಿಯರು ಕಪ್ಪಾ ಫೈ ಗಾಮಾ ಶುರುಮಾಡಿದರು. ಅಲಬಾಮಾ ವಿಶ್ವವಿದ್ಯಾಲಯದಲ್ಲಂತೂ 2013ರಲ್ಲಿ ಕೂಡ ಕಪ್ಪು ಹುಡುಗಿಯೊಬ್ಬಳನ್ನು ಬಣ್ಣದ ಕಾರಣಕ್ಕೆ ಸಂಘಗಳು ಬೇಡ ಅಂದವು ಅಂತ ವಿದ್ಯಾರ್ಥಿಗಳ ಪತ್ರಿಕೆಯೇ ಬಯಲು ಮಾಡಿತು, ಆಮೇಲಷ್ಟೇ ಬಾಗಿಲು ಸ್ವಲ್ಪ ಸಡಿಲವಾಯಿತು.

ನೀವು ವಿಡಿಯೋದಲ್ಲಿ ನೋಡಿದ್ದು ಮಿನುಗುವ ಬಟ್ಟೆ, ಬಾಗಿಲಲ್ಲಿ ಒಟ್ಟಾಗಿ ಹಾಡುವ ಹುಡುಗಿಯರು, ದಿನಕ್ಕೊಂದು ಥೀಮ್. ಆಸರೆಗೆ ಅಂತ ಹುಟ್ಟಿದ ಸಂಘ ಆಯ್ಕೆಯ ಜರಡಿಯಾದದ್ದು ಆ ವಿಡಿಯೋದಲ್ಲಿ ಕಾಣುವುದಿಲ್ಲ. ಅಲ್ಲಿನ ಒಕ್ಕೂಟವೇ ಅಲಂಕಾರ ಕಡಿಮೆ ಮಾಡಿ, ನಾಟಕ ಬಿಡಿ, ಬಂದ ಹುಡುಗಿಯ ಜೊತೆ ಕೂತು ಮಾತಾಡಿ ಅಂತ ತನ್ನ ಸಂಘಗಳಿಗೆ ಹೇಳುತ್ತ ಬಂದಿದೆ. ಅವರು ಕೈಬಿಡಲು ಹೊರಟಿದ್ದನ್ನು ನೀವು ಯಾಕೆ ಎತ್ತಿಕೊಳ್ಳಬೇಕು?

ಹಾಗಾದರೆ ಯಾವುದು ಒಳ್ಳೆಯ ಥೀಮ್ ಅಂತ ಕೇಳಿದರೆ ನನ್ನ ಹತ್ತಿರ ಒಂದೇ ಅಳತೆಯಿದೆ. ಬರಿಗೈಯಲ್ಲಿ ಬಂದವಳಿಗೂ ಅಲ್ಲಿ ಹೇಳಲು ಏನಾದರೂ ಇರಬೇಕು. ಕೊಂಡು ತರುವುದಲ್ಲ, ಈಗಾಗಲೇ ಅವಳ ಹತ್ತಿರ ಇರುವುದು. ತೇಜಸ್ವಿಯವರ ‘ಕರ್ವಾಲೊ’ ನಿಮ್ಮಲ್ಲಿ ಕೆಲವರಿಗೆ ಪಠ್ಯವಾಗಿತ್ತು. 1980ರಲ್ಲಿ ಬಂದ ಕಾದಂಬರಿ, ನಮ್ಮ ಮೂಡಿಗೆರೆ ಸೀಮೆಯದ್ದೇ ಕತೆ. ಅಲ್ಲಿ ದೊಡ್ಡ ವಿಜ್ಞಾನಿ ಕರ್ವಾಲೊ ಜೇನು ಕೀಳುವ ಮಂದಣ್ಣನನ್ನು ಯಾಕೆ ಅಷ್ಟು ಹಚ್ಚಿಕೊಂಡರು ಅಂತ ಯೋಚಿಸಿದ್ದೀರಾ? ಪುಸ್ತಕ ಓದಿದವರ ಕಣ್ಣಿಗೆ ಬೀಳದ್ದು ಕಾಡು ಅಲೆದ ಮಂದಣ್ಣನ ಕಣ್ಣಿಗೆ ಬಿದ್ದಿತ್ತು. ಊರಿನವರು ಅವನನ್ನು ಯಾವುದಕ್ಕೂ ಲೆಕ್ಕಕ್ಕಿಟ್ಟಿರಲಿಲ್ಲ. ಕರ್ವಾಲೊ ಇಟ್ಟರು. ನಿಮ್ಮ ಸಂಘಕ್ಕೆ ಬರುವ ಹೊಸಬಳನ್ನು ನೀವೂ ಹಾಗೆ ನೋಡಬಹುದಾದ ವಿಷಯ ಬೇಕು.

ನನಗೆ ಹೊಳೆದದ್ದು ನೀರು. ‘ನಮ್ಮನೆ ಹಿಂದಿನ ಹಳ್ಳ’ ಅಂತ ಹೆಸರಿಡಿ, ಅಥವಾ ನಿಮಗೆ ಚೆಂದ ಕಂಡದ್ದು ಇಡಿ. ಯಾಕೆ ನೀರು ಅಂದರೆ, ಹಳ್ಳವೋ ತೋಡೋ ಕೆರೆಯೋ ಬಾವಿಯೋ ಇಲ್ಲದ ಮನೆ ನಮ್ಮ ಕಡೆ ಇಲ್ಲ. ತೋಟದ ಸಾಹುಕಾರರ ಮನೆಗೂ ಲೈನ್ ಮನೆಗೂ ಹರಿಯುವುದು ಅದೇ ಹಳ್ಳ. ಇನ್ನೊಂದು ಕಾರಣ ಈ ಸೀಮೆಯದ್ದೇ. ಹೇಮಾವತಿ ಹುಟ್ಟುವುದು ನಮ್ಮ ಬಾಳೂರಿನ ಪಕ್ಕದ ಜಾವಳಿಯಲ್ಲಿ, ಬಲ್ಲಾಳರಾಯನ ದುರ್ಗದ ತಪ್ಪಲಿನಲ್ಲಿ. ಅದು ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಕೊನೆಗೆ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಕಳಸದ ಕಡೆ ಬಿದ್ದ ಮಳೆ ಭದ್ರೆಗೆ ಹೋಗುತ್ತದೆ. ಭದ್ರೆ ಗಂಗಾಮೂಲದಲ್ಲಿ ಹುಟ್ಟಿ, ಬಾಳೆಹೊನ್ನೂರು ದಾಟಿ, ಲಕ್ಕವಳ್ಳಿಯ ಅಣೆಕಟ್ಟೆ ತುಂಬಿಸಿ, ಕೂಡ್ಲಿಯಲ್ಲಿ ತುಂಗೆಯ ಕೈ ಹಿಡಿದು ಹೊಸಪೇಟೆ ಕಡೆಗೆ ನಡೆಯುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವ ಜಾಗದಲ್ಲಿ ಬಿದ್ದ ನೀರು ಮೃತ್ಯುಂಜಯ ಹೊಳೆಯಾಗಿ ನೇತ್ರಾವತಿ ಸೇರಿ ಮಂಗಳೂರಿನ ಕಡಲಿಗೆ ಹೋಗುತ್ತದೆ. ಒಂದೇ ಮಳೆ, ಸ್ವಲ್ಪ ಆಚೀಚೆ ಬಿದ್ದರೆ ಒಂದು ಹನಿ ಬಂಗಾಳ ಕೊಲ್ಲಿಗೆ, ಇನ್ನೊಂದು ಅರಬ್ಬೀ ಸಮುದ್ರಕ್ಕೆ. ಮೂರು ನದಿಗಳ ನೆತ್ತಿಯ ಮೇಲೆ ಕೂತು ಓದುತ್ತಿದ್ದೀರಿ ನೀವು.

ಮಾಡುವುದು ಹೀಗೆ. ಹಳೇ ಬಿಳಿ ಬೆಡ್‌ಶೀಟ್ ಎರಡು ಮೂರು ಸೇರಿಸಿ ಹೊಲಿದು ಗೋಡೆಗೆ ಕಟ್ಟಿ. ಭೂಗೋಳದ ಮೇಷ್ಟ್ರ ಹತ್ತಿರ ಸರ್ವೇ ಆಫ್ ಇಂಡಿಯಾದ ನಕ್ಷೆ ಇರುತ್ತದೆ, ಅದನ್ನು ನೋಡಿ ಬೆಟ್ಟದ ಸಾಲನ್ನೂ ಮೂರು ನದಿಗಳನ್ನೂ ಇದ್ದಿಲಿನಲ್ಲಿ ಬರೆಯಿರಿ. ಬಂದ ಹುಡುಗಿಗೆ ಒಂದು ಬ್ರಷ್, ನೀಲಿ ಬಣ್ಣ ಕೊಡಿ. ಅವಳ ಮನೆ ಹತ್ತಿರದ ಹಳ್ಳ ಎಲ್ಲಿಂದ ಬಂದು ಎಲ್ಲಿ ಸೇರುತ್ತದೆ ಅಂತ ಅವಳೇ ಎಳೆಯಲಿ, ಅವರ ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಯಲಿ. ಸರ್ಕಾರದ ನಕ್ಷೆಯಲ್ಲಿ ಇಲ್ಲದ ಹಳ್ಳಗಳ ಹೆಸರುಗಳು ಅವತ್ತು ಹೊರಬರುತ್ತವೆ. ಎಲ್ಲಿ ಮೀನು ಹತ್ತುತ್ತದೆ, ಯಾವ ಗುಂಡಿಯಲ್ಲಿ ಏಡಿ ಸಿಗುತ್ತದೆ, ಯಾವ ಸಂಕ ಪ್ರತಿ ವರ್ಷ ಕೊಚ್ಚಿ ಹೋಗುತ್ತದೆ, ಆ ದಿನಗಳಲ್ಲಿ ಶಾಲೆಗೆ ಹೇಗೆ ಹೋಗುತ್ತಿದ್ದರು ಅನ್ನುವುದನ್ನೆಲ್ಲ ಹೇಳಲು ವೇದಿಕೆ ಬೇಡ, ಇಂಗ್ಲಿಷ್ ಬೇಡ, ಒಳ್ಳೆ ಚಪ್ಪಲಿಯೂ ಬೇಡ. ಮಾತು ಬಾರದವಳು ಗೆರೆ ಎಳೆದರೆ ಸಾಕು.

ಹೊರಗಿನ ಹುಡುಗಿಯರೂ ಇರುತ್ತಾರೆ. ಮೂಡಿಗೆರೆಯ ತೋಟಗಾರಿಕಾ ಕಾಲೇಜಿಗೆ ರಾಜ್ಯದ ಮೂಲೆ ಮೂಲೆಯಿಂದ ಮಕ್ಕಳು ಬರುತ್ತಾರೆ, ನಿಮ್ಮ ಕಾಲೇಜಿಗೂ ಒಬ್ಬಿಬ್ಬರು ಬಂದೇ ಬರುತ್ತಾರೆ. ಕೊಪ್ಪಳದವಳಿಗೆ ತುಂಗಭದ್ರೆಯ ಗೆರೆ ಹಿಡಿದು ಮೇಲಕ್ಕೆ ಬಂದರೆ ಕಳಸ ಸಿಗುತ್ತದೆ. ಮಂಡ್ಯದವಳು ಕುಡಿದು ಬೆಳೆದ ನೀರಿನಲ್ಲಿ ಜಾವಳಿಯ ಪಾಲೂ ಇದೆ. ನಿಮ್ಮೂರಿನ ನೀರು ನಮ್ಮೂರಿನದ್ದೇ ಅಂತ ಇಬ್ಬರು ಹುಡುಗಿಯರಿಗೆ ಒಂದೇ ಗಳಿಗೆಯಲ್ಲಿ ಗೊತ್ತಾಗುವ ಆ ಖುಷಿಯನ್ನು ಯಾವ ಡಿಜೆ ಕೂಡ ತರಲಾರದು. ಅಸ್ಸಾಮಿನವಳು ಬಂದರೆ ಬಟ್ಟೆಯ ಮೂಲೆಯಲ್ಲಿ ಬ್ರಹ್ಮಪುತ್ರೆಗೂ ಜಾಗ ಬಿಡಿ.

ಈ ವಿಷಯದಲ್ಲಿ ನೋವೂ ಇದೆ, ಅದನ್ನು ಮೊದಲೇ ತಿಳಿದಿರಬೇಕು. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಜಾರಿದ್ದು ನಿಮಗೆ ನೆನಪಿರುತ್ತದೆ, ಆಗ ನೀವು ಇನ್ನೂ ಚಿಕ್ಕವರು. ಮನೆ, ತೋಟ, ಗದ್ದೆ ಕಳೆದುಕೊಂಡು ಊರನ್ನೇ ಬಿಟ್ಟವರಿದ್ದಾರೆ. ಅಂಥ ಮನೆಯ ಹುಡುಗಿಗೆ ನೀರು ಅಂದರೆ ಬೇರೆ ನೆನಪು. ಅವಳು ಗೆರೆ ಎಳೆಯದೆ ಕೂತರೆ ಯಾಕೆ ಅಂತ ಕೇಳಬೇಡಿ. ‘ನಿಮ್ಮ ಕಡೆ ಗುಡ್ಡ ಕುಸಿದಿತ್ತಲ್ವಾ, ಹೇಳು’ ಅಂತ ಕುತೂಹಲಕ್ಕೆ ಕೆದಕಬೇಡಿ. ಬಣ್ಣ ಕಲಸಿ ಕೊಡುವ ಕೆಲಸ ಅವಳಿಗೆ ಕೊಡಿ, ಕಾಫಿ ಹಂಚುವುದಕ್ಕೆ ಕರೆಯಿರಿ. ಅವಳಾಗಿ ಹೇಳಿದರೆ ಎಲ್ಲ ಕೆಲಸ ಬಿಟ್ಟು ಕೇಳಿ. ಹಾಗಂತ ಇಂಥ ನೋವಿದೆ ಅನ್ನುವ ಕಾರಣಕ್ಕೆ ವಿಷಯವನ್ನೇ ಬಿಡುವುದು ಸರಿಯಲ್ಲ. ನಗುವೊಂದೇ ಹಿಡಿಸುವ ಥೀಮಿನಲ್ಲಿ ಅಳು ಒತ್ತರಿಸಿ ಬಂದವಳಿಗೆ ಜಾಗ ಸಿಗುವುದಿಲ್ಲ.

ಥೀಮ್ ಒಂದು ದಿನಕ್ಕೆ ಮುಗಿಯದೆ ವರ್ಷದ ಕೆಲಸವಾಗಿ ಬೆಳೆಯುವಂತಿರಲಿ ಅಂತ ಕೂಡ ನನ್ನ ಆಸೆ. ನೀರನ್ನು ಹಿಡಿದರೆ ಮಾಡಲು ಬೇಕಾದಷ್ಟಿದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನಲ್ಲಿ ಹಳ್ಳಿಗೆ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷೆ ಮಾಡುವ ಕಿಟ್ ಬಳಸಲು ಕಲಿಸಬೇಕು ಅಂತ ಏರ್ಪಾಟಿದೆ. ನಿಮ್ಮೂರಿನ ಪಂಚಾಯಿತಿಯಲ್ಲಿ ವಿಚಾರಿಸಿ, ನೀವೇ ಕಲಿಯಿರಿ. ನವೆಂಬರಿನಿಂದ ಜನವರಿವರೆಗೆ ಅರೇಬಿಕಾ ಕಾಫಿ ಹಣ್ಣು ಸಿಪ್ಪೆ ಸುಲಿಯುವ ಪಲ್ಪರಿಗೆ ಬೀಳುವ ಕಾಲ, ಆ ತೊಳೆದ ನೀರನ್ನು ಹಾಗೇ ಬಿಟ್ಟರೆ ಹಳ್ಳ ನಾರುತ್ತದೆ, ಮೀನು ಸಾಯುತ್ತದೆ. ಇದು ತೋಟದವರ ಮನೆಯ ಮಗಳೂ ಕೆಳಗಿನ ಕೇರಿಯ ಮಗಳೂ ಒಟ್ಟಿಗೆ ಕೂತು ಮಾತಾಡಲೇಬೇಕಾದ ಸಂಗತಿ. ಹಿರಿಯರು ನಾವು ಮಾತಾಡಲು ಹಿಂದೆ ಮುಂದೆ ನೋಡುತ್ತೇವೆ, ನಡುವೆ ಕೂಲಿ ಇದೆ, ಜಾತಿ ಇದೆ, ಸಾಲ ಇದೆ. ಒಂದೇ ಬೆಂಚಿನಲ್ಲಿ ಕೂತ ನಿಮಗೆ ಅದು ಸಾಧ್ಯ. ಮೊದಲ ದಿನ ಒಂದೇ ಬಟ್ಟೆಯ ಮೇಲೆ ಇಬ್ಬರೂ ಅದೇ ಹಳ್ಳದ ಗೆರೆ ಎಳೆದಿದ್ದರೆ ಡಿಸೆಂಬರಿನಲ್ಲಿ ಆ ಮಾತು ಸುಲಭವಾಗುತ್ತದೆ.

ಇನ್ನು ‘ಪರಿಚಯ’ದ ವಿಷಯ. ಒಬ್ಬೊಬ್ಬಳನ್ನೇ ಮುಂದೆ ಕರೆದು ಹಾಡು, ಕುಣಿ, ಯಾರಿಗಾದರೂ ಪ್ರಪೋಸ್ ಮಾಡಿ ತೋರಿಸು ಅನ್ನುವ ಆಟ ನಿಮ್ಮ ಕಾರ್ಯಕ್ರಮದ ಹಾಳೆಯಲ್ಲಿ ನಡುವೆ ಸೇರಿಕೊಂಡಿದೆ. ತೆಗೆದುಹಾಕಿ. ಇದು ತಮಾಷೆ ಅಂತ ನೀವು ಹೇಳಬಹುದು, ಕಾನೂನು ಹಾಗೆ ಹೇಳುವುದಿಲ್ಲ. ರ‍್ಯಾಗಿಂಗ್ ಕೂಡದು ಅಂತ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ಇದೆ. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದಲ್ಲಿ ಅಮನ್ ಕಚ್ರೂ ಅನ್ನುವ ವೈದ್ಯಕೀಯ ವಿದ್ಯಾರ್ಥಿ ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಪ್ರಾಣ ಬಿಟ್ಟ ಮೇಲೆ, ಅದೇ ವರ್ಷ ಯುಜಿಸಿ ದೇಶದ ಎಲ್ಲ ಕಾಲೇಜಿಗೂ ಕಟ್ಟುನಿಟ್ಟಿನ ನಿಯಮ ತಂದಿತು. ಹೊಸಬರಿಗೆ ನಾಚಿಕೆ, ಮುಜುಗರ ಆಗುವಂಥದ್ದನ್ನು ಮಾಡಿಸಿದರೂ ಅದು ರ‍್ಯಾಗಿಂಗ್ ಅಂತ ಆ ನಿಯಮ ಹೇಳುತ್ತದೆ, ಹೊಡೆಯಲೇಬೇಕಾಗಿಲ್ಲ. ದೂರಿಗೆ 1800-180-5522 ಅನ್ನುವ ಸಹಾಯವಾಣಿ ಇದೆ. ಆ ನಂಬರನ್ನು ನೀವೇ ದೊಡ್ಡದಾಗಿ ಬರೆದು ಬಾಗಿಲ ಹತ್ತಿರ ಅಂಟಿಸಿ. ಹಿರಿಯರೇ ಅದನ್ನು ಅಂಟಿಸಿದ್ದಾರೆ ಅಂದರೆ ಒಳಗೆ ಬರುವವಳ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಹಾಡುವ ಆಸೆ ಇದ್ದವಳು ಹಾಡಲಿ, ಕೈ ಎತ್ತಲಿ. ಎತ್ತದವಳ ಕಡೆ ನೋಡಬೇಡಿ.

ಫೋಟೋ ವಿಚಾರವೂ ಇದರ ಜೊತೆಗೇ. ನಿಮ್ಮ ರೀಲ್ಸಿನಲ್ಲಿ ಹೊಸ ಹುಡುಗಿಯರ ಮುಖ ಹಾಕುವ ಮುಂಚೆ ಒಬ್ಬೊಬ್ಬರನ್ನೂ ಕೇಳಿ. ಮಗಳು ಕಾಲೇಜಿನಲ್ಲಿ ಕುಣಿದ ವಿಡಿಯೋ ಊರಿನ ವಾಟ್ಸಾಪ್ ಗುಂಪಿಗೆ ಬಂದು, ಅಣ್ಣ ಓದು ಸಾಕು ಅಂದ ಮನೆಗಳು ನಮ್ಮ ಸುತ್ತ ಇವೆ. ಅದು ಅಣ್ಣನ ತಪ್ಪು, ನಿಜ. ಆದರೆ ಓದು ನಿಲ್ಲುವುದು ಅವಳದ್ದು.

ಹೊತ್ತಿನ ಲೆಕ್ಕ ಹಾಕುವಾಗ ಬಸ್ಸಿನ ವೇಳೆ ನೋಡಿಯೇ ಹಾಕಿ. ಸಂಜೆ ಕಾರ್ಯಕ್ರಮ, ದೀಪಾಲಂಕಾರ ಅಂತ ಬರೆದಿದ್ದೀರಿ. ಸಂಜೆ ಅಂದ ಕೂಡಲೇ ಬಸ್ಸಿನಲ್ಲಿ ಬಂದು ಹೋಗುವವರೆಲ್ಲ ಹೊರಗುಳಿದರು. ಬಾಳೂರಿನಿಂದ ಒಳಗೆ ನಡೆಯುವ ದಾರಿ ಇರುವವಳು ಕತ್ತಲಾಗುವ ಮೊದಲು ಮನೆ ಸೇರಬೇಕು, ಮಳೆಗಾಲದಲ್ಲಿ ಐದೂವರೆಗೇ ಮಬ್ಬು ಕವಿಯುತ್ತದೆ, ಮರ ಬಿದ್ದರೆ ರಸ್ತೆಯೇ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ಒಳ್ಳೆಯದೇ ಆಯಿತು. ಆದರೆ ನಮ್ಮ ಕಡೆಯ ಎಷ್ಟೋ ದಾರಿಗೆ ಖಾಸಗಿ ಬಸ್ಸೇ ಗತಿ, ಅಲ್ಲಿ ಟಿಕೆಟ್ ತೆಗೆಯಬೇಕು. ತರಗತಿ ಇಲ್ಲದ ದಿನ ಬರಹೇಳಿದರೆ ಅದೂ ಒಂದು ಖರ್ಚು. ತರಗತಿ ಇರುವ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಶುರುಮಾಡಿ ಎರಡೂವರೆಗೆ ಮುಗಿಸಿ. ಕರೆಂಟು ನಂಬಬೇಡಿ. ಪ್ರೊಜೆಕ್ಟರ್ ಇಲ್ಲದೆ ನಡೆಯದ ಥೀಮು ಆಗಸ್ಟಿನ ಮೂಡಿಗೆರೆಗೆ ಆಗಿಬರುವುದಿಲ್ಲ.

ಅಲಂಕಾರಕ್ಕೆ ಫ್ಲೆಕ್ಸ್, ಥರ್ಮೋಕೋಲ್ ತರಬೇಡಿ, 2016ರಿಂದ ನಮ್ಮ ರಾಜ್ಯದಲ್ಲಿ ಅವಕ್ಕೆ ನಿಷೇಧ ಇದೆ. ಆ ಹೊತ್ತಿಗೆ ಅಂಗಳ ಅಂಗಳದಲ್ಲಿ ಡೇರೆ ಹೂ ಅರಳಿರುತ್ತದೆ, ಜರಿಗಿಡ ಬೇಲಿ ತುಂಬ ಇರುತ್ತದೆ, ಅಷ್ಟು ಸಾಕು. ಸೀತಾಳೆ ದಂಡೆ ಕೀಳಬೇಡಿ, ಅದು ಮರದ ಮೇಲೇ ಇರಲಿ. ತಿನ್ನುವುದಕ್ಕೆ ಒಂದೇ ತಿಂಡಿ, ಎಲ್ಲರಿಗೂ ಒಂದೇ: ಕಡುಬು ಚಟ್ನಿ, ಬೆಲ್ಲದ ಕಾಫಿ. ಮನೆಯಿಂದ ಒಂದೊಂದು ಅಡುಗೆ ಮಾಡಿ ತರೋಣ ಅಂತ ಕೆಲವರು ಹೇಳಿದ್ದೀರಿ. ಮಾತು ಕೇಳಲು ಚೆಂದ. ಆದರೆ ಯಾರ ಮನೆಯ ಡಬ್ಬಿ ತೆರೆಯಿತು, ಯಾರದ್ದು ಮುಟ್ಟದೆ ಹಾಗೇ ವಾಪಸ್ ಹೋಯಿತು ಅನ್ನುವುದನ್ನು ತಂದವಳು ಮರೆಯುವುದಿಲ್ಲ. ಒಂದೇ ಒಲೆಯ ಮೇಲೆ ಎಲ್ಲರೂ ಸೇರಿ ಬೇಯಿಸಿ. ಹಿಟ್ಟು ತಿರುವುವಲ್ಲಿ ಹೊಸಬರ ಕೈಯೂ ಬೀಳಲಿ.

ವಂತಿಗೆಯನ್ನು ಹಿರಿಯರು ಹಾಕಿಕೊಳ್ಳಿ, ಹೊಸಬರಿಂದ ಒಂದು ರೂಪಾಯಿ ಬೇಡ. ಯಾರೆಷ್ಟು ಕೊಟ್ಟರು ಅಂತ ಗೋಡೆಗೆ ಅಂಟಿಸುವ ಪಟ್ಟಿಯೂ ಬೇಡ. ಯಾರದ್ದೋ ಅಪ್ಪ ಪೂರ್ತಿ ಖರ್ಚು ನೋಡಿಕೊಳ್ಳುತ್ತೇನೆ ಅಂದರೆ ನಮಸ್ಕಾರ ಹೇಳಿ ಬೇಡ ಅನ್ನಿ. ಅವರ ಮಗಳಿಗೂ ಅದು ಒಳ್ಳೆಯದಲ್ಲ, ಸಂಘದಲ್ಲಿ ಅವಳ ಮಾತಿಗೆ ಬೆಲೆ ಬಂದಾಗ ಅದು ಅಪ್ಪನ ದುಡ್ಡಿಗೆ ಬಂತೋ ತನಗೆ ಬಂತೋ ಅಂತ ಅವಳಿಗೇ ತಿಳಿಯದೆ ಹೋಗುತ್ತದೆ.

ಕೊನೆಯದಾಗಿ, ಸೇರಿಸಿಕೊಳ್ಳುವ ಬಗೆ. ಅವತ್ತೇ ಹೆಸರು ಬರೆಸಬೇಕು, ಚುರುಕಾಗಿ ಕಂಡವರನ್ನು ಆರಿಸಬೇಕು ಅಂತ ನಿಮ್ಮ ಯೋಜನೆ. ನಿಮ್ಮ ತಾಯಂದಿರಲ್ಲಿ ಹಲವರು ಸ್ತ್ರೀಶಕ್ತಿ ಸಂಘದಲ್ಲಿದ್ದಾರೆ. 2000ದ ಹೊತ್ತಿಗೆ ನಮ್ಮ ಊರುಗಳಲ್ಲಿ ಆ ಗುಂಪುಗಳು ಶುರುವಾದಾಗ ಮೀಟಿಂಗಿಗೆ ಬಂದವರನ್ನಷ್ಟೇ ಲೆಕ್ಕ ಹಿಡಿದಿದ್ದರೆ ಅವು ನಿಲ್ಲುತ್ತಿರಲಿಲ್ಲ. ಬಾರದವರ ಮನೆಗೆ ಹೋಗಿ ಜಗಲಿಯಲ್ಲಿ ಕೂತರು, ಅತ್ತೆಯನ್ನು ಒಪ್ಪಿಸಿದರು, ವಾರದ ಹತ್ತು ರೂಪಾಯಿ ಇಲ್ಲದವಳಿಗೆ ಮುಂದಿನ ವಾರ ಕೊಡು ಅಂದರು. ಅವ್ವಂದಿರನ್ನೇ ಕೇಳಿ, ಸಂಘ ಹೇಗೆ ಕಟ್ಟುವುದು ಅಂತ ನನಗಿಂತ ಚೆನ್ನಾಗಿ ಹೇಳುತ್ತಾರೆ. ನೀವೂ ಅವತ್ತು ಬಾರದವರ ಪಟ್ಟಿ ಮಾಡಿ, ಇಬ್ಬಿಬ್ಬರಾಗಿ ಹಾಸ್ಟೆಲಿಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಪಕ್ಕ ಕೂರಿ. ಸೇರುವವಳಿಗೆ ಯಾವ ಪರೀಕ್ಷೆಯೂ ಬೇಡ, ಬರುತ್ತೇನೆ ಅಂದರೆ ಬಂದಂತೆಯೇ.

ರಿಜಿಸ್ಟರನ್ನು ಅವತ್ತು ಸಂಜೆ ಮುಚ್ಚಬೇಡಿ. ಎರಡನೇ ಪಟ್ಟಿಯಲ್ಲಿ ಸೀಟು ಸಿಕ್ಕವರು ತಡವಾಗಿ ಬರುತ್ತಾರೆ. ಕಳಸದ ಕಡೆಯವರು ಮಳೆಗೆ ಸಿಕ್ಕಿ ವಾರಗಟ್ಟಲೆ ತಪ್ಪಿಸಿಕೊಳ್ಳುತ್ತಾರೆ. ದಸರಾ ಕಳೆಯುವವರೆಗೆ ತೆರೆದಿಡಿ. ಆಮೇಲೆ ಕಾಫಿ ಹಣ್ಣಿನ ಕಾಲದಲ್ಲಿ ಮನೆಗೆ ಕೈ ಕೊಡಲು ಹೋಗಿ ಕೆಲವರು ಮತ್ತೆ ಹಿಂದೆ ಬೀಳುತ್ತಾರೆ, ಅವರಿಗೆ ಜನವರಿಯಲ್ಲಿ ಇನ್ನೊಂದು ದಿನ ಇಟ್ಟುಕೊಳ್ಳಿ. ಗೋಡೆಯ ಮೇಲಿನ ಬಟ್ಟೆಯನ್ನು ಮಡಿಸಿಟ್ಟಿರಿ, ಅವರೂ ತಮ್ಮ ಹಳ್ಳ ಸೇರಿಸಲಿ. ಬೆಡ್‌ಶೀಟು ನನ್ನ ಹತ್ತಿರ ಎರಡಿವೆ. ಶನಿವಾರ ಬರುವವಳ ಕೈಯಲ್ಲಿ ಕಳಿಸುತ್ತೇನೆ, ಒಮ್ಮೆ ಒಗೆದು ಒಣಗಿಸಿಕೊಳ್ಳಿ.